ಇಲಿಗಳು ಬದುಕಿದವು, ನಾನು ಸಹಿ ಹಾಕಿದೆ

ನಾನು ಸುಳ್ಳು ವರದಿಗೆ ಸಹಿ ಹಾಕಿದ್ದೇನೆ. ತಿಳಿಯದೆ ಅಲ್ಲ, ತಿಳಿದೇ ಹಾಕಿದ್ದೇನೆ. ಕಾರ್ಖಾನೆಗಳಲ್ಲಿ ಬಳಸುವ ಒಂದು ಅನಿಲ ಉಸಿರಿನ ಜೊತೆ ಒಳಗೆ ಹೋದರೆ ಎಷ್ಟು ವಿಷ ಎಂದು ಪರೀಕ್ಷಿಸಿ ಹೇಳುವುದು ನನ್ನ ಕೆಲಸವಾಗಿತ್ತು. ಅಷ್ಟೇನೂ ವಿಷವಲ್ಲ ಎಂದು ಹೇಳಿದೆ. ಆ ಮಾತನ್ನು ನಂಬಿ ನಡೆದ ಒಂದು ಶೆಡ್ಡಿನಲ್ಲಿ ದುಡಿದ ಪಂಪಾಪತಿ ಎಂಬವರು ಈಗ ಕಡ್ಡಿರಾಂಪುರದ ತಮ್ಮ ಮನೆಯಲ್ಲಿ ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತಾರೆ — ಮಲಗಿದರೆ ಉಸಿರು ಸಿಗುವುದಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳಲು ಹೊರಟರೆ ನಡುವೆ ಎಲ್ಲೋ ನನ್ನನ್ನು ನಾನೇ ಸಮರ್ಥಿಸಿಕೊಳ್ಳಲು ಶುರು ಮಾಡುತ್ತೇನೆ. ನನ್ನ ಸ್ವಭಾವ ನನಗೆ ಗೊತ್ತು.

ಈಗ ನಾನು ಹೊಸಪೇಟೆಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಮಕ್ಕಳು ನನ್ನನ್ನು ಕಂಡರೆ ಹೆದರುತ್ತಾರೆ — ಉತ್ತರ ಪತ್ರಿಕೆಯಲ್ಲಿ ಒಂದು ಅಕ್ಷರ ತಿದ್ದಿದ್ದರೂ ಕರೆದು ಕೇಳುವವಳು ಎಂದು ಹೆಸರು. ಆ ಹೆಸರು ಕೇಳಿದಾಗಲೆಲ್ಲ ನನಗೆ ಒಳಗೊಳಗೇ ನಗು ಬರುತ್ತಿತ್ತು. ಒಳ್ಳೆಯ ನಗುವಲ್ಲ ಅದು.

ಕಾಲೇಜಿಗೆ ಸೇರುವ ಮೊದಲು ಸಂಡೂರು ರಸ್ತೆಯ ಒಂದು ಖಾಸಗಿ ಪ್ರಯೋಗಾಲಯದಲ್ಲಿದ್ದೆ. ಇಂದು ಅದು ಇಲ್ಲ, ಮುಚ್ಚಿ ಬಹಳ ವರ್ಷವಾಯಿತು. ಅಲ್ಲಿ ಉಕ್ಕು ಮತ್ತು ಗಾಜಿನ ಒಂದು ದೊಡ್ಡ ಪೆಟ್ಟಿಗೆ ಇತ್ತು. ಅದರೊಳಗೆ ತಂತಿಬಲೆಯ ಚಿಕ್ಕ ಚಿಕ್ಕ ಕೋಣೆಗಳು. ಒಂದೊಂದರಲ್ಲಿ ಒಂದೊಂದು ಬಿಳಿ ಇಲಿ. ಬಾಗಿಲು ಬಿಗಿದು, ಗಾಳಿಯಲ್ಲಿ ಬೆರೆಸಿದ ಅನಿಲವನ್ನು ಅಳತೆ ಮಾಡಿ ಒಳಗೆ ಬಿಡುವುದು, ಹೊತ್ತು ಮುಗಿದ ಮೇಲೆ ತೆಗೆಯುವುದು, ಆಮೇಲೆ ಎಷ್ಟು ಉಳಿದವು, ಎಷ್ಟು ಸತ್ತವು ಎಂದು ನೋಡುವುದು. ಕೇಳಲು ಕ್ರೂರವಾಗಿದೆ. ಮನುಷ್ಯ ಎಷ್ಟು ಅನಿಲದಲ್ಲಿ ನಿಂತು ಕೆಲಸ ಮಾಡಬಹುದು ಎಂಬ ಮಿತಿ ಹುಟ್ಟುವುದು ಮಾತ್ರ ಅಲ್ಲಿಂದಲೇ.

ಅಲ್ಲಿ ಒಂದು ನಿಯಮವಿತ್ತು, ಮೊದಲ ದಿನವೇ ಹೇಳಿಕೊಡುತ್ತಿದ್ದರು. ಕೋಣೆಯೊಳಗೆ ಇಲಿಯ ಹೊರತು ಏನೂ ಇರಬಾರದು. ಹೊಟ್ಟು, ಹತ್ತಿ, ಕಾಗದ — ಏನೂ. ಎರಡು ಇಲಿಗಳನ್ನು ಒಟ್ಟಿಗೂ ಬಿಡಬಾರದು. ಬಿಟ್ಟರೆ ಒಂದು ಇನ್ನೊಂದರ ತುಪ್ಪಳದಲ್ಲಿ ಮೂಗು ಹುದುಗಿಸಿಕೊಂಡು ಉಸಿರಾಡುತ್ತದೆ, ಅನಿಲ ಪೂರ್ತಿ ಒಳಗೆ ಹೋಗುವುದಿಲ್ಲ, ಲೆಕ್ಕ ತಪ್ಪುತ್ತದೆ. ಇದು ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಹೊಸದಾಗಿ ಬಂದವರಿಗೆ ಇದನ್ನು ಹೇಳಿಕೊಡುತ್ತಿದ್ದವಳೇ ನಾನು.

ನಮ್ಮದು ವೈಷ್ಣವರ ಮನೆ. ಅಪ್ಪ ಸಂಡೂರು ಬಳಿಯ ದೋಣಿಮಲೈಯ ಗಣಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಮೇಲೆ ಹೊಸಪೇಟೆಗೆ ಬಂದಿದ್ದರು. ಬೋನಿಗೆ ಇಲಿ ಬಿದ್ದರೆ ಅದನ್ನು ಕೈಚೀಲದಲ್ಲಿಟ್ಟುಕೊಂಡು ಕಾಲುವೆ ದಂಡೆಯವರೆಗೆ ನಡೆದು ಬಿಟ್ಟು ಬರುತ್ತಿದ್ದರು. ಅಪ್ಪ ವಾಪಸು ಮನೆ ಮುಟ್ಟುವುದಕ್ಕೆ ಮೊದಲೇ ಅದು ಬಂದು ಅಡುಗೆಮನೆ ಸೇರಿರುತ್ತದೆ ಎಂದು ಅಮ್ಮ ಗೇಲಿ ಮಾಡುತ್ತಿದ್ದಳು. ಅಂಥ ಮನೆಯ ಮಗಳು ನಾನು. ನೌಕರಿ ಏನು ಎಂದು ಕೇಳಿದರೆ ‘ಗಾಳಿ ಪರೀಕ್ಷೆ’ ಎನ್ನುತ್ತಿದ್ದೆ. ಸುಳ್ಳಲ್ಲ, ನಿಜವೂ ಅಲ್ಲ — ಅಭ್ಯಾಸ ಅಲ್ಲಿಂದಲೇ ಶುರುವಾಯಿತೋ ಏನೋ.

ಒಂದು ಕಂಪನಿ ತನ್ನ ಹೊಸ ಅನಿಲವನ್ನು ನಮ್ಮಲ್ಲಿಗೆ ಕಳಿಸಿತು. ಉಕ್ಕಿನ ಹಾಳೆಗೆ ಬಣ್ಣದ ಲೇಪ ಹಚ್ಚುವ ಮುನ್ನ ಅದರ ಮೈ ಶುಚಿ ಮಾಡಲು ಬಳಸುವಂಥದ್ದು. ಮೂಗಿಗೆ ಬಡಿದರೆ ಕಣ್ಣಲ್ಲಿ ನೀರು ಬರುವ ಘಾಟು. ನೀರಿನಲ್ಲಿ ಬೇಗ ಕರಗುವ ಗುಣ. ಮುಖ್ಯ ಪರೀಕ್ಷೆಗೆ ಮೊದಲು ಕೆಲವೇ ಇಲಿಗಳ ಮೇಲೆ ಸಣ್ಣದೊಂದು ಪ್ರಯೋಗ ಮಾಡಿದೆವು. ಅದರಲ್ಲಿ ಒಂದು ಇಲಿ ನಾನು ನೋಡುತ್ತಿದ್ದಂತೆಯೇ ಮುಂಗಾಲುಗಳಿಂದ ಮೂಗು ಉಜ್ಜಿಕೊಳ್ಳಲು ಶುರು ಮಾಡಿತು. ಉಜ್ಜಿಕೊಂಡಿತು, ಉಜ್ಜಿಕೊಂಡಿತು, ನಿಲ್ಲಿಸಲೇ ಇಲ್ಲ... ಸಂಜೆಗೆ ಸತ್ತಿತು. ಜೊತೆಗೆ ಇನ್ನೂ ಕೆಲವು ಸತ್ತವು. 

ಮುಖ್ಯ ಪರೀಕ್ಷೆಯ ದಿನ ಇಲಿಗಳನ್ನು ಪೆಟ್ಟಿಗೆಗೆ ತುಂಬಿಸುವುದರಿಂದ ಹಿಡಿದು ತೆಗೆಯುವವರೆಗೂ ಇದ್ದವಳು ನಾನೊಬ್ಬಳೇ. ಅಂದು ನಾನು ಮಾಡಿದ್ದನ್ನು ಸಂಡೂರಿನ ಗುಡ್ಡಗಳ ನಡುವೆ ಬೆಳೆದವಳು ಮಾತ್ರ ಮಾಡಿಯಾಳು. ಚಿಕ್ಕಂದಿನಲ್ಲಿ ನಾವು ಶಾಲೆಗೆ ಹೊರಟರೆ ದಾರಿಯುದ್ದಕ್ಕೂ ಅದಿರಿನ ಲಾರಿಗಳು, ಕೆಂಪು ಧೂಳು. ಅಮ್ಮ ಹಳೆಯ ಪಂಚೆಯಿಂದ ಹರಿದ ತುಂಡನ್ನು ನೀರಲ್ಲಿ ಅದ್ದಿ ಹಿಂಡಿ ಕೊಡುತ್ತಿದ್ದಳು. “ಬಟ್ಟಿ ತೊಯ್ಸಿ ಮೂಗಿಗೆ ಕಟ್ಟಿಕೋ. ಇಲ್ಲಂದ್ರ ಎದ್ಯಾಗ ಮಣ್ಣು ಕೂಡ್ತದ.” ನಮ್ಮ ಕಡೆಯ ಮಕ್ಕಳಿಗೆ ಇದನ್ನು ಎರಡನೇ ಸಲ ಹೇಳಬೇಕಾಗಿಲ್ಲ. ಕೈ ತಾನಾಗಿಯೇ ಬಟ್ಟೆಗೆ ಹೋಗುತ್ತದೆ, ಬಟ್ಟೆ ನೀರಿಗೆ ಹೋಗುತ್ತದೆ. ಹಾಗೆಯೇ — ಹೆಚ್ಚೇನೂ ಯೋಚಿಸದೆ — ಒಂದೊಂದು ಕೋಣೆಯ ಮೂಲೆಗೂ ಒದ್ದೆ ಬಟ್ಟೆಯ ಒಂದೊಂದು ತುಂಡು ಇಟ್ಟು ಬಾಗಿಲು ಬಿಗಿದೆ.

ಇಷ್ಟರವರೆಗೆ ಅದನ್ನು ಮೂರ್ಖತನ ಎನ್ನಬಹುದು. ದಯೆ ಎಂದೂ ಅನ್ನಬಹುದು, ಅನ್ನಬೇಕೆಂದಿದ್ದರೆ. ಪಾಪ ಆಮೇಲಿನದು.

ಇಲಿಗಳು ಬಟ್ಟೆಯಲ್ಲಿ ಮೂಗು ಹುದುಗಿಸಿ ಕದಲದೆ ಕೂತವು. ಅಳತೆಯ ಯಂತ್ರ ಪೆಟ್ಟಿಗೆಯ ಮೇಲ್ಭಾಗದ ಗಾಳಿಯನ್ನು ಎಳೆದುಕೊಳ್ಳುತ್ತಿತ್ತು. ಅದರ ಮುಳ್ಳು ಸರಿಯಾದ ಪ್ರಮಾಣವನ್ನೇ ತೋರಿಸುತ್ತಿತ್ತು. ಹೊತ್ತು ಮುಗಿಯಿತು. ಮೊದಲು ಬಟ್ಟೆಗಳನ್ನು ಹೊರಗೆ ತೆಗೆದೆ — ತೆಗೆದೊಡನೆ ಘಾಟು ಮುಖಕ್ಕೆ ಹೊಡೆಯಿತು, ಕಣ್ಣು ಉರಿಯಿತು.  ಅನಿಲ ಬಟ್ಟೆಯಲ್ಲಿತ್ತು. ಇಲಿಗಳ ಎದೆಗೆ ಹೋಗಬೇಕಾದದ್ದು ನನ್ನ ಕೈಯಲ್ಲಿತ್ತು. ಆ ಕ್ಷಣದಲ್ಲೇ ನನಗೆ ಎಲ್ಲವೂ ಅರ್ಥವಾಯಿತು, ಚೂರೂ ಸಂಶಯವಿಲ್ಲದೆ. ಬಟ್ಟೆಗಳನ್ನು ನಲ್ಲಿಯ ಕೆಳಗೆ ತೊಳೆದು ಕಸಕ್ಕೆ ಎಸೆದೆ.

ಆಮೇಲಿನ ದಿನಗಳಲ್ಲಿ ಇಲಿಗಳು ಸಾಯಲಿಲ್ಲ. ಒಂದೂ ಸಾಯಲಿಲ್ಲ. ನಮ್ಮ ಮುಖ್ಯಸ್ಥರು — ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದರು — ಹಿಗ್ಗಿ ಹೀರೆಕಾಯಿಯಾದರು. ಸಣ್ಣ ಪ್ರಯೋಗದಲ್ಲಿ ಸತ್ತವು ಮೊದಲೇ ಬಡಕಲು ಇಲಿಗಳಿರಬೇಕು ಎಂದು ತಾವೇ ತೀರ್ಮಾನಿಸಿಕೊಂಡರು. ಆದರೂ ನನ್ನನ್ನು ಕರೆದು ಕೇಳಿದರು; ಕೇಳಲಿಲ್ಲ ಎಂದು ಅವರ ಮೇಲೆ ಗೂಬೆ ಕೂರಿಸಲಾರೆ.

“ಒಂದೂ ಸತ್ತಿಲ್ಲಲ್ರೀ! ಎಲ್ಲಾ ನಿಯಮದ ಪ್ರಕಾರನ ಆಗೇತಿಲ್ಲೋ?”

“ಹೌದು ಸರ್.”

ಎರಡೇ ಮಾತು. ಅಂದು ಅದಕ್ಕೆ ನಾನು ಕೊಟ್ಟುಕೊಂಡ ಕಾರಣ ಏನು ಗೊತ್ತೇ? ನಿಜ ಹೇಳಿದರೆ ಪರೀಕ್ಷೆ ಮತ್ತೆ ಮಾಡಬೇಕಾಗುತ್ತದೆ, ಮತ್ತಷ್ಟು ಇಲಿಗಳು ಸಾಯುತ್ತವೆ — ಪಾಪ, ಬೇಡ. ಅಪ್ಪನ ಕೈಚೀಲವನ್ನು ನೆನೆಸಿಕೊಂಡು ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡೆ. ಆದರೆ ನಿಜವಾದ ಕಾರಣ ಅದಲ್ಲ. ಸಾಹೇಬರು ಬೈಯುತ್ತಾರೆಂದು ಹೆದರಿದೆ. ಇಲಿಗಳ ಮೂಗಿಗೆ ಬಟ್ಟೆ ಕಟ್ಟಿದವಳು ಎಂದು ಜೊತೆಯವರು ಆಡಿಕೊಂಡು ನಗುತ್ತಾರೆಂದು ನಾಚಿದೆ. ನೌಕರಿ ಹೋದರೆ... ಹೋಗಲಿ, ಅದನ್ನು ಬಿಡಿಸಿ ಬಿಡಿಸಿ ಹೇಳುವುದೇನು. ಸಹಿ ಹಾಕಿದೆ. ಎಲ್ಲರೆದುರು ಶಹಬ್ಬಾಸ್ ಅನ್ನಿಸಿಕೊಂಡೆ. ಕೆಲವು ವರ್ಷಗಳ ನಂತರ ಕಾಲೇಜಿನ ಕೆಲಸ ಸಿಕ್ಕಾಗ ಬಿಟ್ಟು ಬಂದೆ. ಸಾಹೇಬರು ತೀರಿಕೊಂಡರು. ಬಟ್ಟೆಯ ವಿಷಯ ಬಲ್ಲವಳು ಈ ಭೂಮಿಯ ಮೇಲೆ ಆಗಲೂ ಆಮೇಲೂ ನಾನೊಬ್ಬಳೇ ಇದ್ದೆ.

ಹುಲಿಗೆಮ್ಮ ನಮ್ಮ ಕಾಲೇಜಿನ ಹಾಸ್ಟೆಲಿನಲ್ಲಿ ರೊಟ್ಟಿ ಬಡಿಯುತ್ತಾಳೆ. ಮಧ್ಯಾಹ್ನ ನಾನೂ ಅಲ್ಲೇ ಉಣ್ಣುವುದು. ಅವಳ ಬಾಯಿ ಜೋರು, ಕೈ ಅದಕ್ಕಿಂತ ಜೋರು. ನಾನು ಒಂದೇ ರೊಟ್ಟಿಗೆ ಸಾಕೆಂದರೆ “ಮೇಡಮ್ಮಾರ, ಗುಬ್ಬಿ ಇದ್ದಂಗ ಇದ್ದೀರಿ, ಇನ್ನೊಂದು ತಿನ್ರಿ” ಎಂದು ತಟ್ಟೆಗೆ ಹಾಕಿಯೇ ಹೋಗುವವಳು. ಈಚೆಗೆ ಅವಳ ಬಾಯಿ ಸೋತಿತ್ತು. ಒಂದು ದಿನ ಸೆರಗಿನೊಳಗಿಂದ ಕಾಗದವೊಂದನ್ನು ತೆಗೆದು ನನ್ನ ಮುಂದಿಟ್ಟಳು.

“ನೀವು ಓದ್ದೋರು ಅದೀರಿ. ಇದ್ರಾಗ ಏನ್ ಬರದಾರ ಸ್ವಲ್ಪ ನೋಡಿ ಹೇಳ್ರಿ. ನಮ್ಮನಿಯೋರ ಕೇಸಿಂದು.”

ಅವಳ ಗಂಡನೇ ಪಂಪಾಪತಿ. ಉಕ್ಕಿನ ಹಾಳೆಗೆ ಲೇಪ ಹಚ್ಚುವ ಶೆಡ್ಡಿನಲ್ಲಿ ವರ್ಷಗಟ್ಟಲೆ ದುಡಿದು ಎದೆ ಕೆಡಿಸಿಕೊಂಡು ಮನೆ ಸೇರಿದ್ದರು. ಕೆಲಸದಿಂದಲೇ ಹೀಗಾಯಿತು ಎಂದು ಪರಿಹಾರ ಕೇಳಿದ್ದಕ್ಕೆ ಶೆಡ್ಡಿನ ಕಂಪನಿ ಕೊಟ್ಟ ಉತ್ತರ ಅದು: ಈತ ಮೊದಲು ಸಂಡೂರಿನಲ್ಲಿ ಅದಿರಿನ ಲಾರಿಗೆ ಮಣ್ಣು ತುಂಬುತ್ತಿದ್ದವನು, ಆ ಧೂಳಿನಿಂದ ಕೆಟ್ಟ ಎದೆ ಇದು. ನಮ್ಮ ಶೆಡ್ಡಿನಲ್ಲಿದ್ದ ಅನಿಲ ಅಷ್ಟು ಪ್ರಮಾಣದಲ್ಲಿ ಅಪಾಯಕಾರಿಯಲ್ಲ ಎಂಬುದು ಪ್ರಯೋಗಾಲಯದಲ್ಲಿ ಸಾಬೀತಾಗಿದೆ. ಅನಿಲದ ಹೆಸರು ಓದಿದೆ. ಪ್ರಯೋಗಾಲಯದ ಹೆಸರು ಓದಿದೆ. ತಟ್ಟೆಯಲ್ಲಿದ್ದ ರೊಟ್ಟಿ ಅಲ್ಲಿಯೇ ಉಳಿಯಿತು.

“ನೋಡಿ ಹೇಳ್ತೀನಿ,” ಎಂದೆ. ಹೇಳಲಿಲ್ಲ. ಅವಳು ಕೇಳಿದಾಗಲೆಲ್ಲ ಇನ್ನೂ ಓದುತ್ತಿದ್ದೇನೆ ಎಂದೆ.

ಆಮೇಲೆ ತಡೆಯಲಾರದೆ ಒಂದು ಭಾನುವಾರ ಕಡ್ಡಿರಾಂಪುರಕ್ಕೆ ಹೋದೆ. ಹೇಳಿಯೇ ಬರುತ್ತೇನೆ ಎಂದು ಹೋದದ್ದು. ಇದ್ದ ಒಂದೇ ಕುರ್ಚಿಯನ್ನು ಒರೆಸಿ ನನಗೆ ಕೊಟ್ಟರು. ಪಂಪಾಪತಿಗೆ ನನಗಿಂತ ಕಡಿಮೆ ವಯಸ್ಸು. ನೋಡಿದರೆ ನನ್ನ ಅಪ್ಪನ ವಾರಿಗೆಯವರಂತೆ ಕಾಣುತ್ತಿದ್ದರು. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ನಿಂತು ಉಸಿರು ಹುಡುಕಿಕೊಳ್ಳಬೇಕಿತ್ತು.

“ನನ್ನ ಮಾತು ಯಾರೂ ನಂಬವಲ್ರು ಮೇಡಂ,” ಎಂದರು. “ಆಫೀಸಿನ್ಯಾಗ ಅಂದ್ರು... ಆ ಗ್ಯಾಸ್‌ನ್ಯಾಗ ಇಲಿನ ಬದುಕ್ಯಾವಂತ. ಇಲಿಗೆ ಆಗದ್ದು... ನಿನಗ ಹೆಂಗ ಆತಲೇ ಅಂತ ನಕ್ರು.”

ಬಾಯಿ ತೆರೆದೆ. ಅಷ್ಟರಲ್ಲಿ ಹುಲಿಗೆಮ್ಮ ಚಹಾ ತಂದಳು. ಕುಡಿದೆ. ಆರೋಗ್ಯ ನೋಡಿಕೊಳ್ಳಿ ಎಂದೆ. ಎದ್ದು ಬಂದೆ. ನನ್ನ ಜೀವನದಲ್ಲಿ ಸಹಿ ಹಾಕಿದ್ದಕ್ಕಿಂತ ನೀಚವಾದ ಕೆಲಸ ಯಾವುದೆಂದು ಕೇಳಿದರೆ ಆ ಚಹಾ ಕುಡಿದದ್ದು ಎನ್ನುತ್ತೇನೆ.

ಅಂದು ರಾತ್ರಿ ಅಣ್ಣನಿಗೆ ಹೇಳಿದೆ. “ಯಾರೂ ಕೇಳದ್ದನ್ನ ಯಾಕ ಮೈಮ್ಯಾಲ ಎಳ್ಕೋತಿ? ಸುಮ್ನ ಇರು,” ಎಂದ. ಅವನದು ಪ್ರೀತಿಯ ಮಾತು. ಆದರೆ ಸುಮ್ಮನಿದ್ದು ಸುಮ್ಮನಿದ್ದು ನಾನು ಎಲ್ಲಿಗೆ ಬಂದು ನಿಂತಿದ್ದೇನೆ ಎಂದು ಅವನಿಗೆ ಗೊತ್ತಿಲ್ಲ. ಮರುದಿನ ಮತ್ತೆ ಕಡ್ಡಿರಾಂಪುರಕ್ಕೆ ಹೋದೆ. ಕುರ್ಚಿ ಕೊಟ್ಟರು, ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ — ಪೆಟ್ಟಿಗೆ, ಬಟ್ಟೆ, ಘಾಟು, ಸಾಹೇಬರ ಪ್ರಶ್ನೆ, ನನ್ನ ಉತ್ತರ.

ಪಂಪಾಪತಿ ದಿಂಬಿನಿಂದ ಮುಂದಕ್ಕೆ ಬಾಗಿದರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿ ಎಂದು ಕಾದೆ. ಅವರ ಮುಖದಲ್ಲಿ ಮೂಡಿದ್ದು ಸಮಾಧಾನ.

“ಅಂದ್ರ ನಾ... ಸುಳ್ಳ ಹೇಳಿಲ್ಲ,” ಎಂದರು. ಹೆಂಡತಿಯ ಕಡೆ ತಿರುಗಿ ಇನ್ನೊಮ್ಮೆ ಅದನ್ನೇ ಹೇಳಿದರು. ಕಣ್ಣಲ್ಲಿ ನೀರು ಬಂತು. ಆ ಸಮಾಧಾನವನ್ನು ನೋಡುತ್ತಾ ನಿಲ್ಲುವುದು ಬೈಗುಳ ತಿನ್ನುವುದಕ್ಕಿಂತ ಕಷ್ಟವಾಗಿತ್ತು.

ಹುಲಿಗೆಮ್ಮ ಅಳಲಿಲ್ಲ.

“ನಿನ್ನಿ ನಮ್ಮನ್ಯಾಗ ಚಾ ಕುಡಿದ್ರಿ. ಆವಾಗೂ ಗೊತ್ತಿತ್ತೇನ್ರಿ?”

“ಗೊತ್ತಿತ್ತು.”

ಅವಳು ನನ್ನ ಕಡೆ ಮತ್ತೆ ನೋಡಲಿಲ್ಲ. ಗಂಡನ ಬೆನ್ನ ಹಿಂದಿನ ದಿಂಬನ್ನು ಸರಿಪಡಿಸುತ್ತಾ, ಗೋಡೆಗೆ ಹೇಳುವಂತೆ ಹೇಳಿದಳು: “ಇಲ್ಲಿ ಹೇಳಿದ್ದು ಅಲ್ಲಿ ಕೋರ್ಟಿನ್ಯಾಗ ಬಂದು ಹೇಳ್ರಿ. ಮುಂದಿಂದು ಆಮ್ಯಾಲೆ ನೋಡೂಣು.”

ಹೇಳುತ್ತೇನೆ. ಅವರ ವಕೀಲರಿಗೆ ಎಲ್ಲವನ್ನೂ ಬರೆದುಕೊಟ್ಟಿದ್ದೇನೆ. ಆ ಅನಿಲ ಇನ್ನೂ ಎಷ್ಟು ಶೆಡ್ಡುಗಳಲ್ಲಿದೆಯೋ ನನಗೆ ತಿಳಿಯದು. ಅದಕ್ಕೆ ಅನುಮತಿ ಕೊಟ್ಟವರಿಗೂ ಬರೆದಿದ್ದೇನೆ — ಆ ಪರೀಕ್ಷೆಯನ್ನು ನಂಬಬೇಡಿ, ಮತ್ತೆ ಮಾಡಿಸಿ ಎಂದು. ಮತ್ತೆ ಮಾಡಿದರೆ ಮತ್ತೆ ಇಲಿಗಳು ಸಾಯುತ್ತವೆ. ಅದೂ ನನ್ನ ಲೆಕ್ಕಕ್ಕೇ. ಪ್ರಾಂಶುಪಾಲರಿಗೂ ಹೇಳಿದೆ, ನೌಕರಿಯ ವಿಷಯ ಅವರು ಏನು ತೀರ್ಮಾನಿಸುತ್ತಾರೋ ತೀರ್ಮಾನಿಸಲಿ, ನಾನು ಎದುರಾಡುವುದಿಲ್ಲ. ಹಾಸ್ಟೆಲಿನ ಊಟ ಬಿಟ್ಟಿದ್ದೇನೆ. ಹುಲಿಗೆಮ್ಮನ ಕೈಯಿಂದ ಬಡಿಸಿಕೊಳ್ಳುವ ಮುಖ ನನಗಿಲ್ಲ.

ಕಂಪನಿಯ ವಕೀಲ ನನ್ನನ್ನು ಸುಮ್ಮನೆ ಬಿಡುವುದಿಲ್ಲ ಎಂದು ಎಲ್ಲರೂ ಎಚ್ಚರಿಸಿದ್ದಾರೆ. ಅಂದು ಸುಳ್ಳು ಹೇಳಿದವಳು ಇಂದು ನಿಜ ಹೇಳುತ್ತೀಯೆಂದು ಹೇಗೆ ನಂಬುವುದು ಎಂದು ಕೇಳುತ್ತಾನಂತೆ. ಕೇಳಬೇಕಾದ ಪ್ರಶ್ನೆಯೇ. ನಂಬುವುದು ಬಿಡುವುದು ಅವರಿಗೆ ಸೇರಿದ್ದು. ಹೇಳುವುದು ನನಗೆ ಸೇರಿದ್ದು.

ಪಂಪಾಪತಿಯವರಲ್ಲಿ ನಾನು ಕ್ಷಮೆ ಕೇಳಿಲ್ಲ. ಕೇಳಬೇಕೆಂದು ಬಾಯಿಯವರೆಗೆ ಬಂದದ್ದನ್ನು ತಡೆದುಕೊಂಡೆ. ಅವರಿಗೆ ಈಗ ಉಸಿರಾಡುವುದೇ ದಿನವಿಡೀ ಕೆಲಸ. ನನ್ನನ್ನು ಕ್ಷಮಿಸುವ ಕೆಲಸವನ್ನೂ ಅವರ ಮೇಲೆ ಹೇರಲಾರೆ. ಸೋಮವಾರ ವಿಚಾರಣೆ ಇದೆ. ಅವರು ಬರಲಿ, ಬಂದು ಗೋಡೆಗೆ ಒರಗಿ ಕೂತಿರಲಿ. ಅವರು ಮಾತಾಡಬೇಕಾಗಿಲ್ಲ. ಮಾತಾಡಬೇಕಾದವಳು ನಾನು.