ಮದುಮಗಳಿಗೆ ಅಂಟಿದ ಮಣೆ

ಹೋದ ಭಾನುವಾರ ಪಕ್ಕದ ಮನೆಯ ವೀಣಾಗೆ ಎಣ್ಣೆ ಅರಿಶಿನದ ಶಾಸ್ತ್ರ. ನಡುವೆ ಮದುಮಗಳು ಎದ್ದಳು. ಅವಳ ಜೊತೆ ಮಣೆಯೂ ಎದ್ದಿತು.

ಮಣೆ ನಮ್ಮದು. ಪಾಲಿಶ್ ನನ್ನದು.

ನೀವು ನಗಬಹುದು. ನನಗೆ ಮಾತ್ರ ಇನ್ನೂ ಮೈಯೆಲ್ಲ ಉರಿಯುತ್ತಿದೆ. (ನನ್ನ ಮೇಲೆಯೇ!)

ಚನ್ನಗಿರಿಯ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ನಮ್ಮ ಹಲಸಿನ ಮಣೆಯೇ ಹೋಗಬೇಕು. ಅತ್ತೆ ಕೂತಿದ್ದು ಅದರ ಮೇಲೆ, ಸೊಸೆಯಾಗಿ ಬಂದ ನಾನು ಕೂತಿದ್ದೂ ಅದರ ಮೇಲೆ. ಕಪ್ಪಗೆ, ಜಿಡ್ಡುಜಿಡ್ಡಾಗಿತ್ತು. ಈ ಸಲ ವೀಣಾಳ ತಾಯಿ ಗಿರಿಜಕ್ಕ ಕೇಳಲು ಬಂದಾಗ ನಾನೇ ಮೇಲೆ ಬಿದ್ದು ಹೇಳಿದೆ: "ತಡೀರಿ ಅಕ್ಕಾ, ಪಾಲಿಶ್ ಮಾಡಿ ಕೊಡ್ತೀನಿ. ಫೋಟೋದಲ್ಲಿ ಚೆಂದ ಕಾಣ್ತೈತೆ."

ಯಾಕೆ ಬೇಕಿತ್ತು ಹೇಳಿ? ಇರಲಾರದೆ ಇರುವೆ ಬಿಟ್ಟುಕೊಳ್ಳೋದು ಅಂದರೆ ಇದೇ.

ಅತ್ತೆ ಜಗಳೂರಿಗೆ, ಮಗಳ ಮನೆಗೆ ಹೋಗಿದ್ದರು. ಬೇಡ ಅನ್ನುವವರಿಲ್ಲ. ಯೂಟ್ಯೂಬಿನಲ್ಲಿ ಒಬ್ಬ ಹತ್ತೇ ನಿಮಿಷದಲ್ಲಿ ಹಳೇ ಮೇಜನ್ನು ಫಳಫಳ ಹೊಳೆಸಿ ತೋರಿಸಿದ. ನಾನು ಉಪ್ಪುಕಾಗದ ತಂದು ಎರಡು ದಿನ ತಿಕ್ಕಿದೆ. ಮೂಗು, ಬಾಯಿ, ಒಣಹಾಕಿದ್ದ ಸಂಡಿಗೆ, ಎಲ್ಲದರ ಮೇಲೂ ಮರದ ಪುಡಿ. ಆಮೇಲೆ ವಾರ್ನಿಶ್. ಆರು ಗಂಟೆಯಲ್ಲಿ ಒಣಗುತ್ತದೆ ಅಂತ ಡಬ್ಬದ ಮೇಲಿತ್ತು. ಮೂರು ದಿನವಾದರೂ ಬೆರಳಿಟ್ಟರೆ ಬೆರಳು ಅಂಟುತ್ತಿತ್ತು. ಅಂಗಡಿಯವನಿಗೆ ಫೋನ್ ಮಾಡಿದೆ.

"ಇನ್ನೊಂದ್ ಕೋಟ್ ಹೊಡೀರಿ ಮೇಡಂ, ಸರಿ ಆಗ್ತೈತೆ."

ಹೊಡೆದೆ. ಬಿಸಿಲಿಗಿಟ್ಟೆ. ಫ್ಯಾನ್ ಹಾಕಿದೆ. ಕೊನೆಗೆ ಕೂದಲು ಒಣಗಿಸುವ ಡ್ರೈಯರನ್ನೂ ಹಿಡಿದೆ. (ಕರೆಂಟ್ ಹೋಯಿತು.)

ಶನಿವಾರ ಸಂಜೆ ಬಂದ ಅತ್ತೆ ಮಣೆ ಮುಟ್ಟಿ, ಬೆರಳು ಸೆರಗಿಗೆ ಒರೆಸಿಕೊಂಡರು. "ಎಷ್ಟ್ ಮದುವೆ ಎಣ್ಣೆ ಕುಡಿದೈತೆ ಅದು! ಅದರ ಮೇಲೆ ನಿನ್ನ ವಾರ್ನಿಶ್ ಹೆಂಗೆ ಒಣಗ್ತೈತವ್ವಾ?"

ಯೂಟ್ಯೂಬಿನವನಿಗೆ ಇದು ಗೊತ್ತಿಲ್ಲ, ಸರಿ. ಅವನ ಮೇಜಿನ ಮೇಲೆ ಯಾರೂ ಕೂತು ಎಣ್ಣೆ ಹಚ್ಚಿಸಿಕೊಂಡಿಲ್ಲ. ಹಚ್ಚಿಸಿಕೊಂಡ ನನಗಾದರೂ ಹೊಳೆಯಬಾರದೇ?

ಬೇರೆ ಮಣೆ ತರಿಸೋಣ ಅಂದರೆ ಗಿರಿಜಕ್ಕ ಒಪ್ಪಲಿಲ್ಲ. "ನಮ್ಮ ದೊಡ್ಡಾಕೀನೂ ಇದರ ಮೇಲೇ ಕುಂತಿದ್ಲು. ಅಂಟಿದ್ರೆ ಅಂಟ್ಲಿ, ಕೊಡ್ರಿ."

ಅಂಟಿತು. ಇಬ್ಬರು ಸೀರೆ ಹಿಡಿದು, ಇಬ್ಬರು ಮಣೆ ಎಳೆದು ಬಿಡಿಸಿದರು. ಎಲ್ಲರೂ ನಕ್ಕರು, ವೀಣಾಳೂ ನಕ್ಕಳು. ಆಮೇಲೆ ಹೊಸ ಹಳದಿ ಸೀರೆಗೆ ಮೆತ್ತಿದ ಕಂದು ಬಣ್ಣ ನೋಡಿದಳು. ಕಣ್ಣು ತುಂಬಿಕೊಂಡವು. ನಾನು ಬಾಗಿಲ ಮರೆಗೆ ಸರಿದೆ.

ಯಾರೋ ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದರು. ಉಳಿದ ಶಾಸ್ತ್ರ ಅದರ ಮೇಲೆಯೇ ಮುಗಿಯಿತು. ಊಟಕ್ಕೆ ಕೂತಾಗ ಗಿರಿಜಕ್ಕ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದರು. ಬೈದುಬಿಟ್ಟಿದ್ದರೆ ಆ ಹೋಳಿಗೆಯಾದರೂ ರುಚಿಸುತ್ತಿತ್ತು.

ಅಲ್ಲ, ಆ ಮಣೆ ಚೆಂದ ಇಲ್ಲ ಅಂತ ನನಗೆ ಹೇಳಿದ್ದಾದರೂ ಯಾರು?