ಆ ಅಧ್ಯಾಯ ಯಾರದು?

ಗೆಳೆಯರೇ, ಇವತ್ತು ಸಿಂದಗಿಯ ವಿಚಾರ ಸಂಕಿರಣದಲ್ಲಿ ನನ್ನದೊಂದು ಅಡಿಟಿಪ್ಪಣಿ ಇಬ್ಬರು ಹಿರಿಯರ ನಡುವೆ ಜಗಳ ಹಚ್ಚಿತು.

ನಾನು ಕಾಲುವೆ ನೀರಾವರಿಯ ಬಗ್ಗೆ ಪ್ರಬಂಧ ಓದುತ್ತಿದ್ದೆ. ಹಲವರು ಬರೆದ ಲೇಖನಗಳ ಪುಸ್ತಕವೊಂದರ ಅಧ್ಯಾಯದಿಂದ ಕೆಲವು ಮಾತು ಎತ್ತಿಕೊಂಡು, ಪ್ರತಿ ಸಲವೂ ಸಂಪಾದಕರ ಹೆಸರನ್ನೇ ಹೇಳಿದೆ. ಅವರು ವೇದಿಕೆಯ ಮೇಲೆಯೇ ಕೂತಿದ್ದರು. ಹೆಸರು ಬಂದಾಗಲೆಲ್ಲ ಶಾಲು ಸರಿಮಾಡಿಕೊಂಡು ತಲೆದೂಗಿದರು.

ಕೊನೆಯ ಮಾತನ್ನೂ ಯೋಚಿಸದೆ ಓದಿಬಿಟ್ಟೆ: ಆಲಮಟ್ಟಿ ಅಣೆಕಟ್ಟು ಇರುವುದು ಭೀಮಾ ನದಿಗೆ. ಸಭೆ ನಕ್ಕಿತು. ಮುದ್ದೇಬಿಹಾಳದ ಅಧ್ಯಾಪಕರೊಬ್ಬರು, "ಕೃಷ್ಣಾ ಹೊಳಿ ಎಲ್ಲಿ ಹೋತ್ರಿ?" ಎಂದು ಕೇಳಿದರು.

ಸಂಪಾದಕರು ತಕ್ಷಣ ಮೈಕು ಎಳೆದುಕೊಂಡರು. "ತಂಗಿ, ಆ ಅಧ್ಯಾಯ ನಂದಲ್ಲ. ಅಧ್ಯಾಯ ಬರದವರ ಹೆಸರು ಮೊದಲ ಹಾಕಬೇಕು, ಸಂಪಾದಕರ ಹೆಸರು ಆಮ್ಯಾಲ. ಇಷ್ಟೂ ಕಲಿಸಿಲ್ಲೇನು ನಿಮಗ?"

ಮುಂದಿನ ಸಾಲಿನಿಂದ ಇಂಡಿ ಊರಿನ ನಿವೃತ್ತ ಉಪನ್ಯಾಸಕಿಯೊಬ್ಬರು ನಿಧಾನವಾಗಿ ಎದ್ದರು. "ಅದನ್ನ ಬರದಾಕಿ ನಾನ್ರಿ. ನಾ ಕೃಷ್ಣಾ ಅಂತನ ಬರದಿದ್ದೆ. ಅಚ್ಚಾಗಿ ಬಂದಾಗ ಭೀಮಾ ಆಗಿತ್ತು. ಕೇಳಿದ್ರ, ಸಣ್ಣ ತಿದ್ದುಪಡಿ ಮಾಡೇನಿ ಅಂದಿದ್ರಿ. ನೆನಪೈತೇನ್ರಿ?"

ಸಂಪಾದಕರು ನೀರು ಕುಡಿದರು. ನಾನು ಹೆದರುತ್ತಲೇ ಕೇಳಿದೆ, "ಮೇಡಂ, ಈಗ ಯಾರ ಹೆಸರು ಹಾಕ್ಲಿರಿ?"

"ಅಧ್ಯಾಯಕ್ಕ ನನ್ನ ಹೆಸರು ಹಾಕವಾ," ಎಂದರು ಆಕೆ. "ಭೀಮಾಕ್ಕ ಅವರದು ಹಾಕು."

ಮನೆಗೆ ಬಂದು ಉಲ್ಲೇಖದ ನಿಯಮಗಳನ್ನೆಲ್ಲ ತಿರುವಿಹಾಕಿದೆ. ಲೇಖಕರಿಗೆ, ಸಂಪಾದಕರಿಗೆ, ಪುಟಸಂಖ್ಯೆಗೆ ಜಾಗವಿದೆ. ಹೊಳೆ ಬದಲಿಸಿದವರಿಗೆ ಮಾತ್ರ ಯಾರೂ ಜಾಗ ಇಟ್ಟಿಲ್ಲ.