ಚೂಪಣ್ಣನ ಚೀಲದಲ್ಲಿ ನಲವತ್ತೊಂದು ಚಾಕು

ನಮ್ಮ ಬೀದಿಯ ಹೆಂಗಸರೆಲ್ಲರ ಕೈಯ ಗುಣ ಬಲ್ಲ ಗಂಡಸು ಒಬ್ಬನೇ ಒಬ್ಬ. ಆದರೂ ಯಾವ ಗಂಡನೂ ಅವನನ್ನು ಕಂಡು ಕಣ್ಣು ಕೆಂಪು ಮಾಡಿದ್ದಿಲ್ಲ. ಅವನು ಚಾಕುಗಳಿಗೆ ಸಾಣೆ ಹಿಡಿಯುವವನು. ಮಕ್ಕಳು ಚೂಪಣ್ಣ ಎಂದು ಕರೆದರು, ದೊಡ್ಡವರಿಗೂ ಅದೇ ರೂಢಿಯಾಯಿತು. ನಿಜವಾದ ಹೆಸರೇನೆಂದು ಇಪ್ಪತ್ತು ವರ್ಷದಲ್ಲಿ ನಾವು ಯಾರೂ ಕೇಳಿರಲಿಲ್ಲ. ಪೊಲೀಸರು ಕೇಳಿದಾಗಲೇ ನಮಗೆ ಗೊತ್ತಿಲ್ಲ ಎಂಬುದು ಗೊತ್ತಾದದ್ದು.

ಮೊದಲೆಲ್ಲ ಸೈಕಲ್ಲಿಗೆ ಸಾಣೆಕಲ್ಲು ಕಟ್ಟಿಕೊಂಡು ಬಂದು, ಸ್ಟ್ಯಾಂಡ್ ಹಾಕಿ, ಪೆಡಲ್ ತುಳಿಯುತ್ತ ಮನೆ ಬಾಗಿಲಲ್ಲೇ ಕಿಡಿ ಹಾರಿಸುತ್ತಿದ್ದ. ಅರವತ್ತು ದಾಟಿದ ಮೇಲೆ ಮಂಡಿಗಳು ಮುಷ್ಕರ ಹೂಡಿದವು. ಆಗ ತನ್ನ ಶೆಡ್ಡಿನಲ್ಲಿ ಕರೆಂಟಿನ ಚಕ್ರ ಹಾಕಿಸಿದ. ಮಂಗಳವಾರ ಬೆಳಿಗ್ಗೆ ಮನೆಮನೆಯ ಚಾಕು ಗೋಣಿಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೋಗುವುದು, ಬುಧವಾರ ಸಂಜೆ ತಂದುಕೊಡುವುದು. ಚೀಟಿ ಇಲ್ಲ, ಗುರುತಿಲ್ಲ, ನಂಬರಿಲ್ಲ. ಒಂದು ಸಲವೂ ಚಾಕು ಅದಲು ಬದಲಾಗಿರಲಿಲ್ಲ.

“ಒಂದು ಚೀಟಿನಾದ್ರೂ ಅಂಟಿಸಬಾರದಾ ಚೂಪಣ್ಣ?” ಎಂದು ನಾನೊಮ್ಮೆ ದೊಡ್ಡ ಮನುಷ್ಯನಂತೆ ಸಲಹೆ ಕೊಟ್ಟಿದ್ದೆ.

“ಮಗೂನ ಸ್ಕೂಲಿಂದ ಕರ್ಕೊಂಡ್ ಬರೋವಾಗ ಚೀಟಿ ನೋಡ್ತೀರಾ ಸಾರ್?” ಎಂದಿದ್ದ. ನಾನು ಸಲಹೆ ವಾಪಸ್ ತೆಗೆದುಕೊಂಡೆ.

ಕಳೆದ ವರ್ಷ ಬಸ್ ಸ್ಟ್ಯಾಂಡಿನಲ್ಲಿ, ಆಸ್ಪತ್ರೆಯಿಂದ ಪಾಳಿ ಮುಗಿಸಿ ಬರುತ್ತಿದ್ದ ನರ್ಸ್ ಒಬ್ಬಳಿಗೆ ಚಾಕು ಬೀಸಿ ಫೋನು ಕಿತ್ತುಕೊಂಡು ಹೋದರು. ಆಕೆಯ ಬಲಗೈಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ಊರಿಗೆ ಊರೇ ಹೆದರಿತು. ಕಠಿಣ ಕಾನೂನು ಬೇಕೆಂದು ಮನವಿಪತ್ರ ತಯಾರಾಯಿತು. ಬರೆದವನು ನಾನೇ. ‘ಉಗ್ರಾತ್ಯುಗ್ರ’, ‘ನಿರ್ದಾಕ್ಷಿಣ್ಯ’ ಮುಂತಾದ, ಮನೆಯಲ್ಲಿ ಬಳಸಲು ಧೈರ್ಯವಿಲ್ಲದ ಪದಗಳನ್ನೆಲ್ಲ ಅದರಲ್ಲಿ ಸುರಿದೆ. ಮೊದಲ ಸಹಿಯೂ ನನ್ನದೇ, ಕೆಳಗೆ ಎರಡು ಗೆರೆ ಸಹಿತ.

ಕಾನೂನು ಬಂತು. ನನ್ನ ಪತ್ರದಿಂದಲೇ ಬಂತೆಂದು ನಾನು ಹೇಳಲಿಲ್ಲ. ಹೆಂಡತಿ ಹಾಗೆ ತಿಳಿದುಕೊಂಡರೆ ತಿದ್ದುವುದು ಬೇಡ ಎಂದುಕೊಂಡೆ, ಅಷ್ಟೆ. ಅದರ ಪ್ರಕಾರ, ಉದ್ದ ಅಲಗಿನ ಚಾಕು ಒಂದಕ್ಕಿಂತ ಹೆಚ್ಚು ಹಿಡಿದು ಬೀದಿಯಲ್ಲಿ ಸಿಕ್ಕರೆ ದುರುದ್ದೇಶವಿದೆಯೆಂದೇ ಲೆಕ್ಕ. ಇಲ್ಲವೆಂದು ಸಿಕ್ಕವನೇ ಸಾಬೀತು ಮಾಡಬೇಕು. ಜಾಮೀನಿಲ್ಲದೆ ತೊಂಬತ್ತು ದಿನ ಒಳಗೆ. ಚಾಕು ಕೊಟ್ಟವರೂ ತಪ್ಪಿತಸ್ಥರು. ಪೇಪರಿನಲ್ಲಿ ಇದನ್ನು ಓದಿ, “ಮರ್ಯಾದಸ್ಥನಿಗೆ ಎರಡನೇ ಚಾಕು ಯಾಕೆ ಬೇಕು?” ಎಂದು ನಾನು ತೊಡೆ ತಟ್ಟಿಕೊಂಡೆ.

ಮುಂದಿನ ತಿಂಗಳು ಒಂದು ಮಂಗಳವಾರ ಚೂಪಣ್ಣ ಚೌಕದಲ್ಲಿ ಸಿಕ್ಕಿಬಿದ್ದ. ತಪಾಸಣೆಗೆ ನಿಂತಿದ್ದವರು ಬೇರೆ ಕಡೆಯಿಂದ ಬಂದ ಹೊಸ ಪೇದೆಗಳು.

“ಚೀಲದಲ್ಲೇನಯ್ಯ?”

“ಚಾಕು ಸಾರ್.”

“ಎಷ್ಟು?”

“ನಲವತ್ತೊಂದು.”

“ಯಾರದು?”

“ಎಲ್ಲರದೂ.”

ಕೇಳಿದ್ದಕ್ಕೆ ಕೇಳಿದಷ್ಟೇ ಉತ್ತರ ಹೇಳುವ ದುರಭ್ಯಾಸ ಅವನಿಗೆ ಮೊದಲಿನಿಂದ ಇತ್ತು. ಜೀಪು ಹತ್ತಿಸಿದರು.

ಮಧ್ಯಾಹ್ನ ಅವನ ಮಗಳು ನಮ್ಮ ಮನೆಗೆ ಓಡಿಬಂದಳು. ಆ ನರ್ಸ್ ಇದ್ದ ಆಸ್ಪತ್ರೆಯಲ್ಲೇ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಅವಳಿಗೆ. “ಸಾರ್, ನಾಳೆ ಐದು ಗಂಟೆಗೆ ಕಾಗದ ಕೋರ್ಟಿಗೆ ಹೋದ್ರೆ ಅಪ್ಪನಿಗೆ ತೊಂಬತ್ತು ದಿನ ಅಂತೆ. ಅಷ್ಟರಲ್ಲಿ ನಲವತ್ತೊಂದು ಮನೆಯವರೂ ಬಂದು ಚಾಕು ನಮ್ದೇ, ನಾವೇ ಕೊಟ್ಟಿದ್ದು ಅಂತ ಬರ್ಕೊಟ್ರೆ ಬಿಡ್ತಾರಂತೆ.”

“ಅಷ್ಟೇನಾ? ಹೆದರಬೇಡಮ್ಮ” ಎಂದು ಕಳಿಸಿದ ಮೇಲೆ ನನಗೆ ಕಾನೂನಿನ ಕೊನೆಯ ಕಲಮು ನೆನಪಾಯಿತು. ಹೆಂಡತಿಗೆ ಮೆಲ್ಲಗೆ ಹೇಳಿದೆ, “ಸ್ವಲ್ಪ ಯೋಚನೆ ಮಾಡ್ಬೇಕು ಕಣೇ. ಕೊಟ್ಟವರದ್ದೂ ತಪ್ಪೇ. ನಾವೇ ಬರವಣಿಗೇಲಿ ಒಪ್ಕೊಂಡ ಹಾಗಾಗುತ್ತೆ.”

“ಆ ಕಾನೂನು ಬೇಕು ಅಂತ ಮೊದಲ ಸಹಿ ಹಾಕಿದ್ದು ಯಾರು?”

“ಅದು ಕಳ್ಳರಿಗೆ ಅಂತ...”

“ಕಳ್ಳರು ಯಾರು ಅಂತ ಅದಕ್ಕೆ ಹೆಂಗ್ರೀ ಗೊತ್ತಾಗುತ್ತೆ? ಅಷ್ಟುದ್ದ ಬರೆದ್ರಲ್ಲ, ಅದೊಂದು ಸಾಲು ಬರೆದಿದ್ರಾ?”

ಬರೆದಿರಲಿಲ್ಲ. “ಚಪ್ಪಲಿ ಹಾಕ್ಕೊಳ್ಳಿ” ಎಂದಳು.

ಅವಳು ಮನೆಮನೆಯ ಬಾಗಿಲು ತಟ್ಟಿದಳು. ನಾನು ಹಿಂದೆ ನಿಂತು ಗಂಭೀರವಾಗಿ ತಲೆಯಾಡಿಸುವ ಕೆಲಸ ನಿರ್ವಹಿಸಿದೆ. ನಿವೃತ್ತ ಹೆಡ್‌ಮಿಸ್ಟ್ರೆಸ್ ಅಜ್ಜಿ ಮಾತು ಮುಗಿಯುವ ಮೊದಲೇ ಕೋಲು ಹಿಡಿದು ಹೊರಟರು. ಟೈಲರ್ ಹೆಂಡತಿ ಗಂಡನನ್ನು ಕೇಳಿ ಹೇಳುತ್ತೇನೆಂದವಳು ಕೇಳದೆಯೇ ಬಂದಳು. ಹದಿನೇಳನೇ ಮನೆಯ ಬ್ಯಾಂಕ್ ಮ್ಯಾನೇಜರು ಮಾತ್ರ ಬಾಗಿಲನ್ನು ಅರ್ಧ ತೆಗೆದು, “ಚಾಕುನಾ? ನಮ್ಮನೇಲಿ ಚಾಕೇ ಇಲ್ವಲ್ಲ” ಎಂದರು. ಅವರ ಮನೆಯಲ್ಲಿ ತರಕಾರಿ ಹೆಚ್ಚುವುದೆಲ್ಲ ಹಲ್ಲಿನಿಂದ ಎಂದು ಅವತ್ತೇ ನನಗೆ ತಿಳಿದದ್ದು.

ಬುಧವಾರ ಮೂರು ಗಂಟೆಗೆ ಠಾಣೆಯಲ್ಲಿ ನಲವತ್ತು ಮನೆಯವರು ಸೇರಿದರು. ಇನ್‌ಸ್ಪೆಕ್ಟರ್ ಉದ್ದ ಬೆಂಚಿನ ಮೇಲೆ ಚಾಕುಗಳನ್ನೆಲ್ಲ ಹರವಿ, “ನಿಮ್ಮ ನಿಮ್ಮದು ತೋರಿಸಿ” ಎಂದರು. ಅಲ್ಲೇ ಎಡವಟ್ಟಾಯಿತು. ಒಂದು ಮರದ ಹಿಡಿಯ ಚಾಕುವಿಗೆ ಅಜ್ಜಿಯೂ ಟೈಲರ್ ಹೆಂಡತಿಯೂ ಒಟ್ಟಿಗೆ ಕೈ ಹಾಕಿದರು.

“ಇದು ನಂದಮ್ಮಾ.”

“ಇಲ್ಲ ಅಜ್ಜಿ, ನಂದು. ನಿಮ್ಮದು ಇಷ್ಟು ಚೆನ್ನಾಗೆಲ್ಲಿತ್ತು?”

“ನೋಡಿದ್ರಾ?” ಇನ್‌ಸ್ಪೆಕ್ಟರ್ ನನ್ನತ್ತ ತಿರುಗಿದರು. “ಪಾಪ ಅಂತ ಎಲ್ಲರೂ ಬಂದಿದೀರಿ. ನಂಗೂ ಪಾಪ ಅನ್ಸುತ್ತೆ. ಆದ್ರೆ ಆ ನರ್ಸಮ್ಮನ ಕೈ ಕಡಿದವರು ಮೊನ್ನೆ ಮತ್ತೆ ಚಾಕುಗಳ ಸಮೇತ ಸಿಕ್ಕಾಗ ನಾನು ಒಳಗೆ ಹಾಕಿದ್ದು ಇದೇ ಕಲಮಿನಲ್ಲಿ. ಬಿಟ್ರೆ ನೀವೇ ಬೈತೀರಿ, ಹಿಡಿದ್ರೂ ನೀವೇ ಬೈತೀರಿ.”

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಬೈಯುವವರ ಪಟ್ಟಿಯಲ್ಲಿ ನಾನು ಎರಡೂ ಕಡೆ ಇದ್ದೆ.

ಆಗ ಅಜ್ಜಿ, “ಅವನನ್ನೇ ಕೇಳಿ ಸಾರ್. ನಮಗೆ ಗೊತ್ತಿಲ್ದಿದ್ರೂ ಅವನಿಗೆ ಗೊತ್ತು” ಎಂದರು. ಇನ್‌ಸ್ಪೆಕ್ಟರ್ ಯೋಚಿಸಿದರು. ನಮ್ಮನ್ನೆಲ್ಲ ಹೊರಗಿನ ಪಡಸಾಲೆಗೆ ಕಳಿಸಿ ಚೂಪಣ್ಣನನ್ನು ಕರೆಸಿದರು. ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಅವನು ಒಂದೊಂದೇ ಚಾಕುವಿನ ಅಲಗಿನ ಮೇಲೆ ಹೆಬ್ಬೆರಳು ಅಡ್ಡಡ್ಡ ಆಡಿಸುತ್ತ, ಮೊದಲನೇ ಮನೆಯಿಂದ ನಲವತ್ತೊಂದನೇ ಮನೆಯವರೆಗೆ ನಮ್ಮ ಬೀದಿಯನ್ನೇ ಆ ಬೆಂಚಿನ ಮೇಲೆ ಸಾಲಾಗಿ ಜೋಡಿಸಿದ.

ಆಮೇಲೆ ಒಬ್ಬೊಬ್ಬರನ್ನೇ ಒಳಗೆ ಕರೆದರು. ಚೂಪಣ್ಣ ಹೇಳುತ್ತ ಹೋದ. “ಇವರು ಎಡಗೈಯವರು ಸಾರ್, ಅಲಗು ಈ ಕಡೆ ಸವೆದಿದೆ.” ಹೌದು. “ಇದು ಅಜ್ಜೀದು. ಕಲ್ಲಿನ ಕಟ್ಟೆ ಮೇಲೇ ಹೆಚ್ತಾರೆ. ಬೇಡ ಅಂದ್ರೂ ಕೇಳಲ್ಲ.” ಅಜ್ಜಿ ಮೊದಲ ಬಾರಿಗೆ ಬೈಸಿಕೊಂಡ ವಿದ್ಯಾರ್ಥಿನಿಯಂತೆ ತಲೆ ತಗ್ಗಿಸಿದರು. ಜಗಳದ ಚಾಕು ಟೈಲರ್ ಹೆಂಡತಿಯದೇ.

ನಮ್ಮ ಸರದಿ ಬಂತು. “ಇದು ಈ ಸಾರ್ ಮನೇದು. ತುದಿ ಮುರಿದಿದೆ. ಅಕ್ಕ ಮುರಿದಿಲ್ಲ, ಅಕ್ಕನ ಕೈ ಹಗುರ. ಸಾರೇ ಏನೋ ಮೀಟಿದಾರೆ.”

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು. “ಏನು ಮೀಟಿದ್ರಿ?”

“ಕಿಟಕಿ.”

“ಯಾರ ಮನೆ ಕಿಟಕಿ?”

“ನಮ್ಮದೇ ಸಾರ್. ಚಿಲಕ ಸಿಕ್ಕಾಕ್ಕೊಂಡಿತ್ತು.”

“ನಿಮ್ಮದೇ ಅನ್ನೋಕೆ ಸಾಕ್ಷಿ?”

ಏನೂ ಮಾಡದವನಿಗೂ ಸಾಕ್ಷಿ ಹುಡುಕುವುದು ಎಷ್ಟು ಕಷ್ಟ ಎಂದು ಆ ಅರ್ಧ ನಿಮಿಷದಲ್ಲಿ ತಿಳಿಯಿತು. ಕಾಪಾಡಲಿ ಎಂದು ಹೆಂಡತಿಯ ಮುಖ ನೋಡಿದೆ.

“ಎರಡು ವರ್ಷದಿಂದ ಸಾಣೆಯವನು ಮುರಿದ ಅಂತ ಹೇಳ್ತಾ ಇದ್ರಲ್ರೀ!” ಎಂದಳು.

ಇನ್‌ಸ್ಪೆಕ್ಟರ್ ನಕ್ಕರು, “ಸಾಕ್ಷಿ ಸಾಕು” ಎಂದರು. ಚೂಪಣ್ಣ ಮಾತ್ರ ನಗಲಿಲ್ಲ. ಗೋಡೆ ಗಡಿಯಾರ ನೋಡುತ್ತಿದ್ದ. ನಾಲ್ಕೂವರೆ. ನಲವತ್ತು ಕಾಗದ ಆಗಿತ್ತು. ಬೆಂಚಿನ ಮೇಲೆ ಹದಿನೇಳನೇ ಚಾಕು ಒಂದೇ ಉಳಿದಿತ್ತು.

“ಒಂದು ಕಮ್ಮಿಯಾದ್ರೂ ನಂಗೆ ಬಿಡೋಕೆ ಬರಲ್ಲ” ಎಂದರು ಇನ್‌ಸ್ಪೆಕ್ಟರ್. ಚೂಪಣ್ಣನ ಮಗಳು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತುಬಿಟ್ಟಳು.

ಐದಕ್ಕೆ ಹತ್ತು ನಿಮಿಷವಿರುವಾಗ ಬ್ಯಾಂಕ್ ಮ್ಯಾನೇಜರ ಹೆಂಡತಿ ಏದುಸಿರು ಬಿಡುತ್ತ ಒಳಗೆ ಬಂದರು. “ನಂದೊಂದು ಚಾಕು ಇತ್ತು... ನಮ್ಮನೆಯವರಿಗೆ ಹೇಳ್ಬೇಡಿ” ಎಂದು, ಕೂರದೆಯೇ ಸಹಿ ಹಾಕಿದರು.

ಕೊಟ್ಟವರ ಮೇಲೆ ಕೇಸಿಲ್ಲ. ನಲವತ್ತೊಂದು ಜನರನ್ನು ಕೂರಿಸಲು ಠಾಣೆಯಲ್ಲಿ ಅಷ್ಟು ಬೆಂಚುಗಳೇ ಇಲ್ಲ ಎಂದರು ಇನ್‌ಸ್ಪೆಕ್ಟರ್. ಚಾಕುಗಳನ್ನು ಮಾತ್ರ ಅವರವರೇ ಒಯ್ಯಬೇಕು, ತಲೆಗೊಂದರಂತೆ. ಹಾಗಾಗಿ ಅವತ್ತು ಸಂಜೆ ನಮ್ಮೂರಿನ ಮುಖ್ಯರಸ್ತೆಯಲ್ಲಿ ನಲವತ್ತೊಂದು ಜನ, ಹೆಚ್ಚಿನವರು ಹೆಂಗಸರು, ಕೈಯಲ್ಲೊಂದೊಂದು ಚಾಕು ಹಿಡಿದು, ಕಾನೂನುಬದ್ಧವಾಗಿ ನಡೆದುಹೋದರು. ಜನ ಅಂಗಡಿಯ ಒಳಗೆ ಸರಿದರು. ಎಲ್ಲರ ನಡುವೆ ಚೂಪಣ್ಣನೊಬ್ಬ ಬರಿಗೈಯಲ್ಲಿ.

ಈಗ ಅವನು ಚೀಲ ಹಿಡಿಯುವಂತಿಲ್ಲ. ಬೇಕಾದವರೇ ಒಂದು ಚಾಕು ಬಟ್ಟೆಯಲ್ಲಿ ಸುತ್ತಿಕೊಂಡು ಶೆಡ್ಡಿಗೆ ಹೋಗಬೇಕು. ದೂರ ಎಂದು ಅರ್ಧ ಬೀದಿ ಹೋಗುವುದಿಲ್ಲ. ನಾಚಿಕೆಯಿಂದ ನಾನು ಎರಡನೇ ಮನವಿ ಬರೆದು, ಕಾನೂನನ್ನೇ ರದ್ದು ಮಾಡಿ ಎಂದು ಗುಡುಗಿ, ಅವನಿಗೆ ಓದಿ ಹೇಳಿದೆ.

ಚೂಪಣ್ಣ ಚಕ್ರ ನಿಲ್ಲಿಸಿದ. “ರದ್ದು ಬೇಡ ಸಾರ್. ನನ್ನ ಮಗಳೂ ಪಾಳಿ ಮುಗಿಸಿ ಅದೇ ಬಸ್ ಸ್ಟ್ಯಾಂಡಿಂದ ಬರ್ತಾಳೆ. ಹಿಡೀಲಿ. ಹಿಡಿದ ಮೇಲೆ, ಏನು ಕೆಲಸ ಮಾಡ್ತೀಯಾ ಅಂತ ಒಂದು ಮಾತು ಕೇಳ್ಲಿ, ಹೇಳಿದ್ದು ನಿಜಾನಾ ಅಂತ ಹೋಗಿ ನೋಡ್ಲಿ. ಒಳಗೆ ಹಾಕೋಕೆ ಮುಂಚೆ. ಅಷ್ಟು ಬರೀರಿ, ಸಾಕು.”

ಅಷ್ಟೇ ಬರೆದೆ. ನಾಲ್ಕು ಸಾಲಾಯಿತು. ಇದುವರೆಗೆ ಇಪ್ಪತ್ತಮೂರು ಸಹಿ ಬಿದ್ದಿವೆ. ಬ್ಯಾಂಕ್ ಮ್ಯಾನೇಜರು ಯೋಚಿಸುತ್ತಿದ್ದಾರೆ. ನಿನ್ನೆ ಇನ್‌ಸ್ಪೆಕ್ಟರಿಗೂ ತೋರಿಸಿದೆ. ತಾವು ಸಹಿ ಹಾಕುವಂತಿಲ್ಲ ಎಂದರು. ಆದರೆ ಪೂರ್ತಿ ಓದಿ, ಕಾನೂನಿನಲ್ಲಿರುವುದು ನಾನು ಬರೆದ ಹಾಗೆ ಆರು ಇಂಚಿನ ಅಲಗಲ್ಲ, ಐದು ಇಂಚಿನದು ಎಂದು ಎರಡನೇ ಸಾಲನ್ನು ತಮ್ಮ ಪೆನ್ನಿನಿಂದಲೇ ತಿದ್ದಿಕೊಟ್ಟರು.